ಅಗಲಿದ ಹಿರಿಯರ ಠೇವಣಿ: ಹಕ್ಕು ಯಾರದು?

ಮನೆಯ ಹಿರಿಯರು ಲಿಂಗೈಕ್ಯರಾಗಿ, ಶಿವಗಣಾರಾಧನೆ ಮುಗಿದು, ನೆಂಟರಿಷ್ಟರು ತಮ್ಮ ತಮ್ಮ ಊರುಗಳಿಗೆ ತೆರಳಿದ ಬಳಿಕವೇ ಪೆಟ್ಟಿಗೆಯ ಕಾಗದಪತ್ರಗಳು ಹೊರಬರುವುದು ವಾಡಿಕೆ. ಎಂದೋ ನೌಕರಿಯಲ್ಲಿದ್ದ ಊರಿನ ಬ್ಯಾಂಕಿನ ಪಾಸುಪುಸ್ತಕ, ಅವಧಿ ಮೀರಿದ ಠೇವಣಿಯ ರಸೀದಿ, ಹೆಸರೇ ಬದಲಾದ ಕಂಪನಿಯ ಷೇರುಪತ್ರ. ಇವನ್ನು ಕಂಡು "ಇಷ್ಟು ಹಳೆಯದು, ಇನ್ನೆಲ್ಲಿ ಸಿಕ್ಕೀತು" ಎಂದು ಮರಳಿ ಪೆಟ್ಟಿಗೆಗೇ ಸೇರಿಸುವ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಆದರೆ ಹಳೆಯದಾದ ಮಾತ್ರಕ್ಕೆ ಹಣದ ಮೇಲಿನ ಹಕ್ಕು ಅಳಿಯುವುದಿಲ್ಲ. ಹತ್ತು ವರ್ಷ ಯಾರೂ ಕೇಳದೆ ಉಳಿದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ನಿಧಿಗೆ ವರ್ಗಾಯಿಸುತ್ತವೆ. ಅನಂತರವೂ ವಾರಸುದಾರರು ಅದೇ ಬ್ಯಾಂಕಿಗೆ ಅರ್ಜಿ ಕೊಟ್ಟು ಹಣ ಪಡೆಯಬಹುದು. ಯಾವ ಬ್ಯಾಂಕಿನಲ್ಲಿ ಉಳಿದಿದೆಯೆಂದು ಹುಡುಕಲು 2023ರ ಆಗಸ್ಟಿನಲ್ಲಿ 'ಉದ್ಗಮ್' ಎಂಬ ಅಂತರ್ಜಾಲ ತಾಣ ಆರಂಭವಾಗಿದೆ. ಊರಿನ ಪತ್ತಿನ ಸಹಕಾರ ಸಂಘದ ಠೇವಣಿ ಅಲ್ಲಿ ಕಾಣದು. ಅದಕ್ಕೆ ಖುದ್ದಾಗಿ ಹೋಗಿಯೇ ವಿಚಾರಿಸಬೇಕು. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರುತ್ತವೆ; ಅವನ್ನೂ ಮರಳಿ ಪಡೆಯಲು ಅವಕಾಶವಿದೆ.

ಹಣ ಸಿಕ್ಕ ಮೇಲೆಯೇ ನಿಜವಾದ ತೊಡಕು. ಖಾತೆಯಲ್ಲಿ ನಾಮಿನಿಯೆಂದು ಹೆಸರಿರುವ ಹಿರಿಯ ಮಗನು ಎಲ್ಲವೂ ತನ್ನದೆಂದು ಭಾವಿಸುತ್ತಾನೆ. ತಂಗಿಯರು ಮೌನವಾಗಿ ನೊಂದುಕೊಳ್ಳುತ್ತಾರೆ. ನಾಮಿನಿಯು ಹಣವನ್ನು ಪಡೆದುಕೊಳ್ಳುವ ವ್ಯಕ್ತಿಯೇ ಹೊರತು ಅದರ ಒಡೆಯನಲ್ಲ. ಬ್ಯಾಂಕ್ ಖಾತೆಯ ವಿಷಯದಲ್ಲಿ 2010ರಲ್ಲಿಯೂ, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಸ್ಪಷ್ಟಪಡಿಸಿದೆ. ನಾಮಿನಿಯ ಕೈಸೇರಿದ ಹಣ ವಾರಸುದಾರರೆಲ್ಲರಿಗೂ ಸಲ್ಲತಕ್ಕದ್ದು.

ವಾರಸುದಾರರು ಯಾರು? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತನ್ನ ವ್ಯಾಪ್ತಿಯಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಸೇರಿಸಿದೆ. ಉಯಿಲು ಬರೆಯದೆ ತೀರಿಕೊಂಡ ಪುರುಷನ ಸ್ವಂತ ಆಸ್ತಿಯಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ತಲಾ ಒಂದು ಸಮಪಾಲು. ಮಗಳಿಗೆ ಮದುವೆಯಾಗಿದ್ದರೂ ಪಾಲು ತಪ್ಪದು. ತಾಯಿಯ ವಿಷಯವನ್ನಂತೂ ಬಹುತೇಕರು ಮರೆತೇಬಿಡುತ್ತಾರೆ. ಹೆಂಡತಿ, ಇಬ್ಬರು ಮಕ್ಕಳು ಮತ್ತು ವೃದ್ಧ ತಾಯಿಯನ್ನು ಬಿಟ್ಟು ಮಗ ಅಗಲಿದರೆ, ಅವನ ಠೇವಣಿಯ ನಾಲ್ಕನೆಯ ಒಂದು ಭಾಗ ಆ ತಾಯಿಯದು. ಅವರನ್ನು ಸೊಸೆಯ ಕೈನೋಡುವಂತೆ ಬಿಡುವುದು ಔದಾರ್ಯದ ಕೊರತೆಯಷ್ಟೇ ಅಲ್ಲ, ಹಕ್ಕಿನ ಅಪಹರಣವೂ ಹೌದು. ದುಃಖದ ದಿನಗಳಲ್ಲಿಯೇ ಅಕ್ಕತಂಗಿಯರ ಮುಂದೆ ಒಪ್ಪಿಗೆ ಪತ್ರ ಚಾಚಿ ಸಹಿ ಕೇಳುವ ಆತುರವನ್ನೂ ನಾವು ಮೆಚ್ಚಲಾರೆವು.

ನಾಮಿನಿಯೂ ಇಲ್ಲ, ಉಯಿಲೂ ಇಲ್ಲ ಎಂದಾದರೆ ಎಲ್ಲರೂ ನ್ಯಾಯಾಲಯದ ಮೆಟ್ಟಿಲೇರಬೇಕೆಂದಿಲ್ಲ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ವಿವಾದವಿಲ್ಲದಿದ್ದಲ್ಲಿ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿವರೆಗಿನ ಹಣಕ್ಕೆ ಸರಳ ಕ್ರಮವಿದೆ. ಮರಣ ಪ್ರಮಾಣಪತ್ರ, ವಾರಸುದಾರರ ವಿವರ, ನಷ್ಟಭರ್ತಿ ಮುಚ್ಚಳಿಕೆ, ಹಣ ಪಡೆಯದ ವಾರಸುದಾರರ ಒಪ್ಪಿಗೆ ಇಷ್ಟಿದ್ದರೆ ಸಾಕು.

ಮೊತ್ತ ದೊಡ್ಡದಾಗಿದ್ದರೆ ಅಥವಾ ತಕರಾರಿದ್ದರೆ ಬ್ಯಾಂಕು ಉತ್ತರಾಧಿಕಾರ ಪ್ರಮಾಣಪತ್ರವನ್ನು ಕೇಳಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 372ನೆಯ ಕಲಮಿನಂತೆ, ಮೃತರು ಸಾಮಾನ್ಯವಾಗಿ ವಾಸವಾಗಿದ್ದ ಸ್ಥಳದ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಹತ್ತಿರದ ಬಂಧುಗಳೆಲ್ಲರ ಹೆಸರನ್ನೂ ಅದರಲ್ಲಿ ಕಾಣಿಸಬೇಕು. ಬೇಕೆಂದೇ ಸುಳ್ಳು ಬರೆದರೆ ಅದು ಶಿಕ್ಷಾರ್ಹ.

ಉಯಿಲಿದ್ದವರನ್ನು 'ಪ್ರೊಬೇಟ್' ಎಂಬ ಮಾತು ಹೆದರಿಸುತ್ತದೆ. ಉಯಿಲು ನಿಜವಾದುದೆಂದು ನ್ಯಾಯಾಲಯವು ಕೊಡುವ ಮುದ್ರಾಂಕಿತ ದೃಢೀಕರಣವೇ ಅದು. ಕರ್ನಾಟಕದಲ್ಲಿ ಬರೆದ, ಇಲ್ಲಿಯದೇ ಆಸ್ತಿಯ ಉಯಿಲಿಗೆ ನಮ್ಮವರಿಗೆ ಅದು ಕಡ್ಡಾಯವಾಗಿರಲಿಲ್ಲ. ಮುಂಬಯಿ, ಮದರಾಸು ನಗರಗಳ ಆಸ್ತಿಗೆ ಕಡ್ಡಾಯವಾಗಿತ್ತು. ಆ 213ನೆಯ ಕಲಮನ್ನೂ ಸಂಸತ್ತು 2025ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಆದರೂ ಉಯಿಲಿಗೆ ತಕರಾರು ಎದ್ದರೆ ಸಾಕ್ಷಿ ಹಾಕಿದವರ ಹೇಳಿಕೆ ಬೇಕಾಗುತ್ತದೆ. ಅವರು ಇರುವಾಗಲೇ ಕಾರ್ಯಪ್ರವೃತ್ತರಾಗುವುದು ಲೇಸು.

ಉತ್ತರಾಧಿಕಾರ ಪ್ರಮಾಣಪತ್ರವು ಠೇವಣಿ, ಷೇರು, ಬರಬೇಕಾದ ಸಾಲಗಳಿಗೆ ಮಾತ್ರ. ಹೊಲಕ್ಕೆ ಪೌತಿ ಖಾತೆಯ ದಾರಿಯೇ ಬೇರೆ. ಅದಕ್ಕೆ ವಂಶವೃಕ್ಷದೊಡನೆ ನಾಡಕಚೇರಿಗೆ ಹೋಗಬೇಕು.