ಚರಗದ ಬುತ್ತಿ ಕಟ್ಟುವ ಬಗೆ

ಬಳ್ಳಾರಿ ಕಡೆ ಮನೆಯೊಳಗೆ ಯಾರೂ ಯಾರಿಗೂ ಧನ್ಯವಾದ ಹೇಳುವುದಿಲ್ಲ. ರೊಟ್ಟಿ ಬಡಿದುಕೊಟ್ಟ ಅವ್ವನಿಗೆ ಹಾಗಂದು ನೋಡಿ, ‘ಯಾಕಪ್ಪಾ, ಆರಾಮ ಅದೀ ಇಲ್ಲೋ?’ ಎಂದು ಹಣೆ ಮುಟ್ಟಿ ನೋಡಿಯಾಳು. ಆ ಮಾತಿನ ಕೆಲಸವನ್ನು ಇಲ್ಲಿ ರೂಢಿಗಳು ಮಾಡುತ್ತವೆ. ಒಲೆಯಿಂದಿಳಿದ ಮೊದಲ ರೊಟ್ಟಿ ಆಕಳಿಗೆ ಎಂದು ತೆಗೆದಿಡುವುದು ಅಂಥದ್ದೊಂದು. ಎಲ್ಲಕ್ಕಿಂತ ದೊಡ್ಡದು ಎಳ್ಳಮಾವಾಸ್ಯೆಯ ಚರಗ.

ಮಾರ್ಗಶಿರದ ಈ ಅಮಾವಾಸ್ಯೆ ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಬರುತ್ತದೆ. ಆಗ ಕುರುಗೋಡು, ಸಿರುಗುಪ್ಪದ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ನಿಂತಿರುತ್ತವೆ. ಬೆಳೆ ಇನ್ನೂ ಕೈಗೆ ಬಂದಿಲ್ಲ. ಬರುತ್ತದೆಂಬ ನಂಬಿಕೆಯ ಮೇಲೆ ಭೂಮಿತಾಯಿಗೆ ಮುಂಗಡ ಊಟ. ಹೊಲದಲ್ಲಿ ಐದು ಕಲ್ಲಿಟ್ಟು ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ ಎಡೆ ಹಿಡಿಯುತ್ತಾರೆ. ಆಮೇಲೆ ತಂದ ಅಡುಗೆಯಲ್ಲೆಲ್ಲ ಒಂದಿಷ್ಟು ಕಲಸಿ ಹೊಲದ ಸುತ್ತ ಚೆಲ್ಲುತ್ತ ನಡೆಯುವುದೇ ಚರಗ. ಅದನ್ನು ತಿನ್ನಲು ಬಂದ ಹಕ್ಕಿಗಳು ಪೈರಿನ ಹುಳುವನ್ನೂ ಹೆಕ್ಕುತ್ತವೆ ಎಂದು ಹಿರಿಯರು ಕಾರಣ ಕೊಡುವುದುಂಟು. ನನಗೆ ಆ ಸಮರ್ಥನೆ ಬೇಕೆನಿಸಿಲ್ಲ. ಮೊಮ್ಮಗ ಎರಡು ಹಿಡಿ ಚೆಲ್ಲಿ ಓಡಿ ಬಂದರೆ ಅಜ್ಜಿ, ‘ಬದುವಿನ ತನಕ ಹೋಗಪ್ಪಾ, ಮೂಲಿ ಬಿಡಬ್ಯಾಡ’ ಎಂದು ತಿರುಗಿ ಅಟ್ಟುತ್ತಾಳಲ್ಲ, ಅದೇ ಸಾಕು. ಚೌಕನೆಯ ಐದು ಎಕರೆ ಹೊಲ ಸುತ್ತಿದರೆ ಅರ್ಧ ಕಿಲೋಮೀಟರ್ ದಾಟುತ್ತದೆ.

ಬುತ್ತಿಯೊಳಗೆ ಇರುವುದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಸರನ್ನ, ಶೇಂಗಾ ಹೋಳಿಗೆ. ಹೋಳಿಗೆಯೊಂದನ್ನು ಬಿಟ್ಟರೆ ಇದು ಈಗ ಡಾಕ್ಟರು ಬರೆದುಕೊಡುವ ಪಥ್ಯಕ್ಕೆ ಹತ್ತಿರದ್ದೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಬಂದ ಮೇಲೆ ಸಿರುಗುಪ್ಪದ ಸುತ್ತ ಭತ್ತ ಹಬ್ಬಿತು, ರೈಸ್ ಮಿಲ್ಲುಗಳು ಎದ್ದವು, ತಟ್ಟೆಯಲ್ಲಿ ರೊಟ್ಟಿ ಸರಿದು ಅನ್ನ ಕೂತಿತು. ಹೊಲದ ಕೆಲಸ ಟ್ರ್ಯಾಕ್ಟರಿಗೆ ಹೋದರೂ ಅನ್ನದ ಅಳತೆ ಮಾತ್ರ ಇಳಿಯಲಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಲ್ಲಿ ದೇಶದ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ.

ಹಾಗಾಗಿ ವರ್ಷಕ್ಕೊಮ್ಮೆಯ ಬುತ್ತಿಯನ್ನು ವಾರಕ್ಕೆ ಇಳಿಸಿಕೊಳ್ಳಬಹುದು: ರಾತ್ರಿ ಊಟಕ್ಕೆ ನಾಲ್ಕು ದಿನವಾದರೂ ರೊಟ್ಟಿ. ಪೇಟೆಯ ಮನೆಗಳಲ್ಲಿ ಇದು ನಿಲ್ಲುವುದು ಹಿಟ್ಟಿನ ಹತ್ತಿರ. ಜೋಳದ ಹಿಟ್ಟು ಹಳತಾದರೆ ಜಿಗುಟು ಹೋಗಿ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ತಿಂಗಳಿಗಾಗುವಷ್ಟು ತಂದಿಟ್ಟು ನಾನೇ ಕೆಟ್ಟಿದ್ದೇನೆ. ವಾರಕ್ಕಾಗುವಷ್ಟೇ ಗಿರಣಿಗೆ ಹಾಕಿಸಿ. ಕುದಿಯುವ ಎಸರು ಹಾಕಿ, ಕೈಗೆ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಗಟ್ಟಿಯಾಗಿ ನಾದಿ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಿ, ನೀರು ಆರುವ ಮುನ್ನ ಮಗುಚಿದರೆ ಅದು ಉಬ್ಬುತ್ತದೆ. ಆದರೆ ರೊಟ್ಟಿಯೂ ಔಷಧವಲ್ಲ, ಎರಡು ತಿಂದು ಪಲ್ಯ ಹೆಚ್ಚು ಹಾಕಿಕೊಳ್ಳಬೇಕು. ಬೆಲ್ಲವೂ ಸಕ್ಕರೆಯೇ, ಹೋಳಿಗೆ ಅರ್ಧ ಸಾಕು.

ನಡಿಗೆಗೂ ಭಕ್ತಿಯ ನೆಪ ಚೆನ್ನಾಗಿ ಒದಗುತ್ತದೆ. ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಳ್ಳಾರಿಯವರು ಕನಕದುರ್ಗಮ್ಮನ ಗುಡಿಗೆ, ಕುರುಗೋಡಿನವರು ದೊಡ್ಡಬಸವೇಶ್ವರನ ಗುಡಿಗೆ ಗಾಡಿ ಬಿಟ್ಟು ನಡೆದು ಹೋದರೆ ಲೆಕ್ಕ ತುಂಬುತ್ತದೆ. ನಮ್ಮ ಬೇಸಿಗೆಗೆ ಬೆಳಗಿನ ಏಳರೊಳಗೆ ಮನೆ ಸೇರಬೇಕಷ್ಟೆ. ಸಕ್ಕರೆ ಮಾತ್ರೆ ನುಂಗುವವರು ಮಾತ್ರ ಡಾಕ್ಟರನ್ನು ಕೇಳದೆ ಸೋಮವಾರದ ಒಪ್ಪತ್ತು ಹಿಡಿಯಬಾರದು.

ಬಾಯಲ್ಲಿ ಹೇಳದ ಆ ಧನ್ಯವಾದಕ್ಕೂ ಆರೋಗ್ಯಕ್ಕೂ ನಂಟಿದ್ದೀತು. 2003ರಲ್ಲಿ ರಾಬರ್ಟ್ ಎಮನ್ಸ್, ಮೈಕೆಲ್ ಮೆಕಲೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಋಣಿಯಾಗಿರಬೇಕಾದ ಸಂಗತಿಗಳನ್ನು, ಹೆಚ್ಚೆಂದರೆ ಐದನ್ನು, ಹತ್ತು ವಾರ, ವಾರಕ್ಕೊಮ್ಮೆ ಬರೆದ ವಿದ್ಯಾರ್ಥಿಗಳು, ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಹೆಚ್ಚು ವ್ಯಾಯಾಮ ಮಾಡಿದ್ದಾಗಿ ತಿಳಿಸಿದ್ದರು. ಬರೆಯುವುದು ನಮ್ಮ ಮನೆಗಳಲ್ಲಿ ನಡೆಯಲಿಕ್ಕಿಲ್ಲ. ಊಟಕ್ಕೆ ಕೂತಾಗ ಮಕ್ಕಳನ್ನು ‘ಇವತ್ತು ನಿನಗೆ ಯಾರು ಏನು ಮಾಡಿಕೊಟ್ಟರು?’ ಎಂದು ಕೇಳುವುದು ನಡೆದೀತು. ಮೊದಲ ವಾರ ಮಕ್ಕಳು ಮುಸಿಮುಸಿ ನಗುತ್ತಾರೆ.

ಚರಗದ ದಿನ ಹೊಲವಿಲ್ಲದವರು ಬೀಗರ ಹೊಲಕ್ಕೆ ಹೋಗುತ್ತಾರೆ, ಅದಕ್ಕೂ ಆಗದವರಿಗೆ ಪಕ್ಕದ ಮನೆಯಿಂದ ಬುತ್ತಿ ಬರುತ್ತದೆ. ಆ ಡಬ್ಬಿಯನ್ನು ಬರಿದಾಗಿ ಮರಳಿಸುವಂತಿಲ್ಲ. ತೊಳೆದು ಒರೆಸಿ, ತಳದಲ್ಲಿ ಒಂದು ಹಿಡಿ ಸಕ್ಕರೆಯೋ ಎರಡು ನಿಂಬೆಹಣ್ಣೋ ಇಟ್ಟು, ‘ಅತ್ತೀ, ನಿಮ್ಮ ಡಬ್ಬಿ’ ಎಂದಷ್ಟೇ ಹೇಳಿ ಕೊಡಬೇಕು.