ಬದಲಾಗಲು ಹೊರಟಾಗ ಮನಸ್ಸೇ ಅಡ್ಡ ನಿಲ್ಲುವುದೇಕೆ?

ಇನ್ನು ಮೇಲೆ ಕಂಡವರ ಕೆಲಸವನ್ನೆಲ್ಲ ತಲೆಗೆ ಹಾಕಿಕೊಳ್ಳುವುದಿಲ್ಲ ಎಂದು ಭಾನುವಾರ ತೀರ್ಮಾನಿಸಿದವರು ಸೋಮವಾರ ಬೆಳಿಗ್ಗೆಯೇ ‘ಆಯ್ತು ಸಾರ್, ಮಾಡ್ತೀನಿ’ ಎಂದುಬಿಡುತ್ತಾರೆ. ಆಮೇಲೆ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ (1875–1961) ಅವರ ಪ್ರಕಾರ, ಹೀಗೆ ತಡೆಯುವುದೂ ನಮ್ಮ ಮನಸ್ಸಿನದೇ ಒಂದು ಭಾಗ. ಬೈದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಅದರ ಕಾರಣ ತಿಳಿದರೆ ಸಡಿಲವಾಗುತ್ತದೆ.

ಸ್ಟಾಪ್‌ವಾಚ್ ತೋರಿಸಿದ್ದು

ಕಳೆದ ಶತಮಾನದ ಮೊದಲ ದಶಕದಲ್ಲಿ ಯೂಂಗ್ ಜೂರಿಕ್‌ನ ಬುರ್ಗ್‌ಹೋಲ್ಜ್ಲಿ ಆಸ್ಪತ್ರೆಯಲ್ಲಿ ಪದ ಪರೀಕ್ಷೆ ನಡೆಸುತ್ತಿದ್ದರು. 100 ಪದಗಳ ಪಟ್ಟಿಯನ್ನು ಒಂದೊಂದಾಗಿ ಓದುವುದು, ಎದುರಿಗಿದ್ದವರು ತಕ್ಷಣ ತೋಚಿದ ಪದ ಹೇಳುವುದು, ಅದಕ್ಕೆ ಹಿಡಿದ ಸಮಯವನ್ನು ಸ್ಟಾಪ್‌ವಾಚ್‌ನಲ್ಲಿ ಅಳೆಯುವುದು. ಹೆಚ್ಚಿನ ಪದಗಳಿಗೆ ಉತ್ತರ ಸರಾಗ. ಕೆಲವಕ್ಕೆ ಮಾತ್ರ ತಡವರಿಕೆ, ಕಾರಣವಿಲ್ಲದ ನಗು, ಕೇಳಿದ ಪದವನ್ನೇ ತಿರುಗಿ ಹೇಳುವುದು. ಪಟ್ಟಿ ಮುಗಿದ ಮೇಲೆ ಹಿಂದಿನ ಉತ್ತರಗಳನ್ನೇ ಮತ್ತೆ ಹೇಳಿ ಎಂದರೆ, ಮರೆವು ಕೂಡ ಹೆಚ್ಚಾಗಿ ಅಂಥ ಜಾಗಗಳಲ್ಲೇ ಕಾಣುತ್ತಿತ್ತು. ತಾವು ತಡಮಾಡಿದ್ದು ಎಷ್ಟೋ ಸಲ ಉತ್ತರಿಸಿದವರಿಗೇ ಗೊತ್ತಿರುತ್ತಿರಲಿಲ್ಲ. ಆ ಪದಗಳು ತಟ್ಟಿದ, ನೋವು, ನಾಚಿಕೆ, ಭಯ ಸುತ್ತಿಕೊಂಡ ಮನಸ್ಸಿನ ಗಂಟುಗಳನ್ನು ಯೂಂಗ್ ಕಾಂಪ್ಲೆಕ್ಸ್ ಎಂದರು. ಅವು ನಮ್ಮ ನಿರ್ಧಾರವನ್ನು ಕೇಳದೆ ತಾವಾಗಿಯೇ ಕೆಲಸ ಮಾಡುತ್ತವೆ.

ಮುಖವಾಡ, ನೆರಳು

ಸಮಾಜದೆದುರು ನಾವು ಧರಿಸುವ ಮುಖ ಯೂಂಗ್ ಮಾತಿನಲ್ಲಿ ‘ಪರ್ಸೋನಾ’. ಅದಕ್ಕೆ ಹೊಂದುವುದಿಲ್ಲವೆಂದು ಒಳಗೆ ತಳ್ಳಿದ್ದು ‘ನೆರಳು’. ‘ಯಾರಿಗೂ ಇಲ್ಲ ಎನ್ನದವರು’ ಎಂದು ಹೆಸರಾದವರ ನೆರಳಿನಲ್ಲಿ ಸಿಟ್ಟಿರುತ್ತದೆ, ಸ್ವಾರ್ಥವೂ ಇರುತ್ತದೆ. ‘ಆಗಲ್ಲ’ ಎನ್ನಲು ಬೇಕಾದ ಕಸುವು ಇರುವುದೂ ಅಲ್ಲೇ. ಹಾಗೆ ಹೇಳಲು ಹೋದರೆ ಒಳ್ಳೆಯವರೆಂಬ ಹೆಸರು ಹೋದೀತೆಂದು ಬಾಯಿ ಕಟ್ಟುತ್ತದೆ. ಅದುಮಿದ ಸಿಟ್ಟು ಸಂಜೆ ಮನೆಯಲ್ಲಿ ಕಾಫಿ ತಣ್ಣಗಾಯಿತೆಂಬ ನೆಪಕ್ಕೆ ಸಿಡಿಯುತ್ತದೆ.

ಏನು ಮಾಡಬಹುದು?

• ಎಡವಿದ ಜಾಗ ಬರೆದಿಡಿ: ಯಾರೆದುರು, ಯಾವ ಮಾತಿಗೆ? ಮುಂದೂಡಿಕೆ, ಮರೆವು, ತಮಾಷೆಯಲ್ಲಿ ತೇಲಿಸುವುದು, ಎಲ್ಲವೂ ಸುಳಿವುಗಳೇ.

• ಯಾರನ್ನು ಕಂಡರೆ ಮೈ ಉರಿಯುತ್ತದೆ ಎಂದು ನೋಡಿ. ಸಲೀಸಾಗಿ ‘ಆಗಲ್ಲ’ ಎನ್ನುವ ಸಹೋದ್ಯೋಗಿಯಾದರೆ, ನೀವು ಅದುಮಿಟ್ಟದ್ದೇ ಅಲ್ಲಿ ಕಾಣುತ್ತಿರಬಹುದು.

• ತಡೆಯುವ ಭಾಗದೊಂದಿಗೆ ಕಾಗದದ ಮೇಲೆ ಮಾತಾಡಿ: ‘ನಾನು ಬದಲಾದರೆ ನಿನಗೇನು ಭಯ?’ 1913ರಿಂದ ಯೂಂಗ್ ತಮ್ಮ ಮನದೊಳಗಿನ ಪಾತ್ರಗಳೊಂದಿಗೆ ಇಂಥ ಸಂವಾದಗಳನ್ನು ಬರೆದಿಟ್ಟರು. ಅವುಗಳಿಂದ ರೂಪುಗೊಂಡ ‘ಕೆಂಪು ಪುಸ್ತಕ’ ಅಚ್ಚಾದದ್ದು 2009ರಲ್ಲಿ.

• ಆ ಭಯಕ್ಕೂ ಒಪ್ಪಿಗೆಯಾಗುವಷ್ಟು ಸಣ್ಣ ಹೆಜ್ಜೆ ಇಡಿ. ನೇರವಾಗಿ ‘ಆಗಲ್ಲ’ ಎನ್ನುವ ಮೊದಲು ‘ನೋಡಿ ನಾಳೆ ಹೇಳ್ತೀನಿ’ ಎನ್ನುವುದನ್ನು ರೂಢಿಸಿಕೊಳ್ಳಿ.

ಎಲ್ಲ ಹಿಂಜರಿಕೆಗೂ ನೆರಳೇ ಕಾರಣವಲ್ಲ. ನಿದ್ದೆಗೇಡು, ಖಿನ್ನತೆ, ಕೆಲಸ ಹೋಗುವ ನಿಜವಾದ ಭಯ ಇದ್ದರೆ ಮೊದಲು ಅದನ್ನು ನೋಡಬೇಕು. ಬರೆಯುತ್ತ ಹೋದಂತೆ ತಡೆಯಲಾಗದ ಹಳೆಯ ನೋವು ಎದ್ದರೆ ಅಲ್ಲಿಗೇ ನಿಲ್ಲಿಸಿ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಉಳಿದಂತೆ, ‘ಆಗಲ್ಲ’ ಎಂದ ಮೇಲೆ ಕಸಿವಿಸಿ ಆಗಿಯೇ ಆಗುತ್ತದೆ. ಅದನ್ನು ಸಹಿಸಿಕೊಂಡು ಮುಂದಿನ ಕೆಲಸಕ್ಕೆ ಕೈಹಾಕಲು ಸಾಧ್ಯವಾದರೆ ಬದಲಾವಣೆ ಶುರುವಾಗಿದೆ ಎಂದೇ ಲೆಕ್ಕ.