ಬೆಕ್ಕಿನ ಹಲ್ಲು, ಬೆಕ್ಕಿನ ನಾಲಗೆ

ಶಿಡ್ಲಘಟ್ಟ ಸೀಮೆಯ ರೇಷ್ಮೆ ಬೆಳೆಗಾರರಿಗೆ ಬೆಕ್ಕು ಬೇಕಾದ ಪ್ರಾಣಿ. ಹುಳುವಿಗೂ ಗೂಡಿಗೂ ಬಾಯಿಹಾಕುವ ಇಲಿಗೆ ಅದೇ ವೈರಿ. ಬೇಟೆಗೆ ಅದಕ್ಕೆ 30 ಹಲ್ಲುಗಳುಂಟು. ಮೈಯ ಶುಚಿಗೆ ಮುಳ್ಳುಮುಳ್ಳಾದ ನಾಲಗೆಯುಂಟು. ಆ ಮುಳ್ಳುಗಳ ತುದಿ ಟೊಳ್ಳೆಂದೂ, ಅಲ್ಲಿ ನಿಂತ ಜೊಲ್ಲು ರೋಮದ ಬುಡಕ್ಕಿಳಿಯುತ್ತದೆಂದೂ ಅಮೆರಿಕದ ಸಂಶೋಧಕರು 2018ರಲ್ಲಿ ತೋರಿಸಿಕೊಟ್ಟರು.

ಹೀಗೆ ನೆಕ್ಕುವಾಗ ಮೈಗೆ ಹತ್ತಿದ್ದು ಹೊಟ್ಟೆಗೂ ಸೇರುತ್ತದೆ. ಆದ್ದರಿಂದ ಹುಳುಮನೆಗೆ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಬಳಸಿದ ದಿನ ಬೆಕ್ಕನ್ನು ಒಳಗೆ ಬಿಡಲಾಗದು.

ಹಲ್ಲು ನೋಯುವ ಬೆಕ್ಕು ಸಾಮಾನ್ಯವಾಗಿ ಕೂಗುವುದಿಲ್ಲ. ಎಷ್ಟೋ ವೇಳೆ ನೆಕ್ಕುವುದನ್ನೇ ಬಿಡುತ್ತದೆ. ಬಾಯಿ ನಾರಿ, ಒಸಡು ಕೆಂಪಾಗಿ, ರೋಮ ಜಡೆಗಟ್ಟಿದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿರಿ. ನಮ್ಮ ಹಲ್ಲಿನ ಪೇಸ್ಟು ಅದಕ್ಕೆ ಸಲ್ಲದು. ಉಗುಳಲರಿಯದ ಪ್ರಾಣಿ ಅದನ್ನು ನುಂಗಿಬಿಡುತ್ತದೆ. ಮೈ ಮಾಸಿದ ಬೆಕ್ಕನ್ನು ಸೋಮಾರಿಯೆಂದು ಜರೆಯುವ ಮುನ್ನ ಅದರ ತುಟಿ ಸರಿಸಿ ನೋಡುವುದು ಒಳಿತು.